ಎಲೀನಾಳ ಬೆನ್ನಿಗೆ ಮುಲಾಮು

ಸ್ಟೀಫನ ಔರಾದ ತಾಲ್ಲೂಕಿನ ಒಂದು ಶಾಲೆಯಲ್ಲಿ ಮಾಸ್ತರ. ತನ್ನ ಹಳ್ಳಿಯ ಸಣ್ಣ ಚರ್ಚಿಗೆ ಹಿರಿಯನೂ ಹೌದು. ಹೆಂಡತಿ ಎಲೀನಾ ಅಲ್ಲಿ ಹಾಡು ಎತ್ತಿಕೊಡುವವಳು. ಮಗಳನ್ನು ಶಾಲೆಗೆ ಸೇರಿಸಿದ ವರ್ಷ ಎಲೀನಾಳ ಮೊಳಕೈಗಳ ಮೇಲೆ ಕೆಂಪು ಮಚ್ಚೆಗಳೆದ್ದವು, ಅವುಗಳ ಮೇಲೆ ಬಿಳಿ ಹೊಟ್ಟು. ನೋಡನೋಡುತ್ತ ಬೆನ್ನಿಗೂ ಅಂಗೈಗೂ ಹಬ್ಬಿದವು. ಇದು ಸೋರಿಯಾಸಿಸ್, ಯಾರಿಗೂ ಅಂಟುವುದಿಲ್ಲ ಎಂದು ಭಾಲ್ಕಿಯ ಡಾಕ್ಟರು ಹೇಳಿ ಔಷಧ ಕೊಟ್ಟರು.

ಆ ಚರ್ಚಿನಲ್ಲಿ ತಿಂಗಳಿಗೊಮ್ಮೆ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನ, ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯುವ ರೂಢಿ. ಎಲೀನಾಳ ನಂತರ ಪಾತ್ರೆ ಮುಟ್ಟಲು ಕೆಲವರು ಹಿಂಜರಿದರು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಅಂದವನು ಸ್ಟೀಫನನೇ.

"ಈ ತಿಂಗಳ ನೀ ಭೋಜನಕ ಬರಬ್ಯಾಡ. ಮಂದಿ ಹಿಂದ ಸರೀಲತಾರ."

"ಅಂಟಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರಲ್ರಿ?"

"ಹೇಳ್ಯಾರ. ಮಂದಿಗಿ ಗೊತ್ತಾಗಬೇಕಲಾ."

ಎಲೀನಾ ಚರ್ಚಿಗೆ ಹೋಗುವುದನ್ನೇ ಬಿಟ್ಟಳು. ಔಷಧವನ್ನೂ ಬಿಟ್ಟಳು. ಚಳಿಗಾಲಕ್ಕೆ ಅಂಗಾಲು ಸೀಳಿ, ಬೆರಳ ಗಂಟುಗಳು ಬಾತು, ನಡೆಯುವುದೇ ಕಷ್ಟವಾಯಿತು. ಆಗ ಸ್ಟೀಫನ ಅವಳನ್ನು ಬೀದರಿಗೆ ಕರೆದೊಯ್ದ.

ಚರ್ಮದ ಡಾಕ್ಟರು ರಹೀಮುನ್ನಿಸಾ ಅವಳ ಬೆನ್ನು ನೋಡಿ ಕೇಳಿದರು: "ಇಷ್ಟ ದಿನ ದವಾ ಯಾಕ ಬಿಟ್ರಿ?"

ಎಲೀನಾ ಗಂಡನ ಕಡೆ ನೋಡಲಿಲ್ಲ. "ಮನ್ಯಾಗ ಕೆಲಸ ಭಾಳ ಇತ್ರಿ," ಎಂದಳು.

ಅವನ ಮರ್ಯಾದೆ ಉಳಿಸಲು ಅವಳು ಹೇಳಿದ ಆ ಸುಳ್ಳು ಸ್ಟೀಫನನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಇದು ಪೂರಾ ಹೋಗಂಗಿಲ್ರಿ. ಖರೆ, ಹತೋಟಿಯಾಗ ಇಡಬಹುದು," ಎಂದರು ಡಾಕ್ಟರು. ವಾರಕ್ಕೊಮ್ಮೆ ನುಂಗುವ ಗುಳಿಗೆ ಬರೆದುಕೊಟ್ಟರು. ಅದಕ್ಕಾಗಿ ಆಗಾಗ ರಕ್ತ ಪರೀಕ್ಷೆ. ಬೀದರಿಗೆ ಬಂದು ಬೆಳಕಿನ ಚಿಕಿತ್ಸೆ ತೆಗೆದುಕೊಳ್ಳಬೇಕು, ಸ್ನಾನವಾದೊಡನೆ ಮುಲಾಮು ಹಚ್ಚಬೇಕು.

ಸ್ಟೀಫನ ರಜೆ ಹಾಕಿ ಪ್ರತಿ ಸಲವೂ ಜೊತೆಗೆ ಹೋದ. ಬೆನ್ನಿಗೆ ತಾನೇ ಮುಲಾಮು ಹಚ್ಚಿದ. ತನಗೆ ಅಸಹ್ಯವಿಲ್ಲವೆಂದು ತೋರಿಸಲು ಬೇಕಾದದ್ದಕ್ಕಿಂತ ಹೆಚ್ಚು ತಿಕ್ಕುತ್ತಿದ್ದ.

"ಸಾಕ್ರಿ, ಉರೀಲತದ," ಎನ್ನುತ್ತಿದ್ದಳು ಎಲೀನಾ.

ಬೇಸಿಗೆಯ ಹೊತ್ತಿಗೆ ಬೆನ್ನು ಬಹುಮಟ್ಟಿಗೆ ತಿಳಿಯಾಯಿತು; ಮೊಳಕೈಯ ಮಚ್ಚೆಗಳು ಉಳಿದವು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸ್ಟೀಫನ ಎದ್ದು ನಿಂತು, ಕಾಯಿಲೆ ಅಂಟುವಂಥದ್ದಲ್ಲ, ಹೆಂಡತಿಯನ್ನು ತಡೆದವನು ತಾನೇ ಎಂದು ಎಲ್ಲರ ಮುಂದೆ ಹೇಳಿದ. ಮನೆಗೆ ಬಂದು ಅವಳಿಗೂ ತಿಳಿಸಿದ.

"ಮಂದಿಗಿ ಹೇಳಿದ್ರಿ, ಛಲೋ ಆತು. ನನಗೇನ್ ಹೇಳ್ತೀರಿ?"

ಸ್ಟೀಫನ ಅವಳ ಎದುರಿಗೆ ಕೂತ. "ಅಂಟಂಗಿಲ್ಲ ಅಂತ ನನಗ ಅವತ್ತೇ ಗೊತ್ತಿತ್ತು ಎಲೀನಾ. ಗೊತ್ತಿದ್ದೂ ಬರಬ್ಯಾಡ ಅಂದೆ. ತಪ್ಪಾತು."

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ಮುಂದಿನ ತಿಂಗಳಿಂದ ಚರ್ಚಿಗೆ ಹೋದಳು, ಭೋಜನ ತೆಗೆದುಕೊಂಡಳು. ಹಾಡು ಎತ್ತಿಕೊಡಲು ಮಾತ್ರ ಒಪ್ಪಲಿಲ್ಲ.

ಚಳಿ ಬಿದ್ದಾಗ ಮಚ್ಚೆಗಳು ಈಗಲೂ ಏಳುತ್ತವೆ, ಇಬ್ಬರೂ ಬೀದರಿನ ಬಸ್ಸು ಹತ್ತುತ್ತಾರೆ. ಅವಳ ಕೈ ನೋಡಿ ಪಕ್ಕದವರು ಎದ್ದು ಹೋದರೆ ಸ್ಟೀಫನ ಸುಮ್ಮನೆ ಆ ಜಾಗದಲ್ಲಿ ಕೂರುತ್ತಾನೆ. ಎದ್ದವರನ್ನು ಬೈಯಲು ಅವನಿಗೆ ಬಾಯಿ ಬರುವುದಿಲ್ಲ.