ಹಳದಿ ಇಂಗಾಲ

ನಾನು ಓದು ನಿಲ್ಲಿಸಿದ್ದು ೧೯೮೭ರಲ್ಲಿ, ಎಂಟನೇ ತರಗತಿಗೆ. ಮತ್ತೆ ಬೆಂಚಿನ ಮೇಲೆ ಕೂತದ್ದು ೨೦೦೫ರ ಚಳಿಗಾಲದಲ್ಲಿ, ಜರ್ಮನಿಯಲ್ಲಿ. ಮಧ್ಯಾಹ್ನ ನಾಲ್ಕಕ್ಕೇ ಕಿಟಕಿಯಾಚೆ ಕತ್ತಲಾಗಿತ್ತು. ನನಗಿಂತ ಚಿಕ್ಕವಳಾದ ಟೀಚರಮ್ಮ ಬೋರ್ಡಿನ ಮೇಲೆ ಸೇಬಿನ ಚಿತ್ರ ಬರೆದು ಅದರ ಹೆಸರನ್ನು ನನ್ನ ಬಾಯಿಂದ ಹೇಳಿಸುತ್ತಿದ್ದಳು. ಪಕ್ಕದಲ್ಲಿ ಟರ್ಕಿಯ ಅಜ್ಜಿ, ಹಿಂದೆ ರಷ್ಯಾದ ಲಾರಿ ಡ್ರೈವರು. ಚನ್ನಪಟ್ಟಣದಲ್ಲಿ ಬೊಂಬೆ ಕಾರ್ಖಾನೆ ಇಟ್ಟು, ನಾಲ್ಕು ಜನಕ್ಕೆ ಕೆಲಸ ಕೊಟ್ಟು ಮೇಸ್ತ್ರಿ ಅನ್ನಿಸಿಕೊಂಡಿದ್ದವನು ಇಲ್ಲಿ ಸೇಬು ಕಲಿಯುತ್ತಿದ್ದೆ.

ಬಂದದ್ದು ನನ್ನ ಕೆಲಸಕ್ಕಲ್ಲ, ಹೆಂಡತಿಯ ಕೆಲಸಕ್ಕೆ. ಭಾಗ್ಯ ನನ್ನ ಸೋದರಮಾವನ ಮಗಳು, ಇಬ್ಬರೂ ಅಕ್ಕೂರಿನವರು. ಚನ್ನಪಟ್ಟಣದಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಎಂಎಸ್ಸಿ ಮಾಡಿದಳು; ಮದುವೆಯಾದ ಮೇಲೂ ಅದೇ ರೈಲಿನಲ್ಲಿ ಓಡಾಡಿ ಡಾಕ್ಟರೇಟ್ ಮುಗಿಸಿದಳು. ಅವಳದು ರಸಾಯನಶಾಸ್ತ್ರ, ಆದರೆ ಸೀಸೆ, ಆಮ್ಲ ಯಾವುದನ್ನೂ ಮುಟ್ಟುವುದಿಲ್ಲ. ಒಂದು ಅಣು ಇನ್ನೊಂದಕ್ಕೆ ಹೇಗೆ ಅಂಟಿಕೊಳ್ಳುತ್ತದೆ, ಯಾವಾಗ ಬಿಟ್ಟುಕೊಡುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿ ಹೇಳುತ್ತಾಳೆ. ಅವ್ವನಿಗೆ ಇದನ್ನು ವಿವರಿಸಿದಾಗ, ಹಾಗಾದರೆ ಹಿಪ್ಪುನೇರಳೆಗೆ ಹೊಡೆಯುವ ಔಷಧಿಯನ್ನು ಸೊಸೆಯೇ ಮಾಡಿಕೊಡಲಿ ಎಂದಿದ್ದಳು.

ಆ ವರ್ಷಗಳಲ್ಲಿ ನಮ್ಮ ಕಡೆ ಎಲ್ಲವೂ ಅದಲು ಬದಲಾಗುತ್ತಿತ್ತು. ಬಿಡದಿ ಕಡೆಯ ಫ್ಯಾಕ್ಟರಿಗಳ ಬಸ್ಸು ಊರೂರಿಗೆ ಬಂದು ಹುಡುಗರನ್ನು ಹತ್ತಿಸಿಕೊಳ್ಳುತ್ತಿತ್ತು. ಬೊಂಬೆ ಕಡೆಯಲು ನಾನು ಕಲಿಸಿದವರೂ ಒಬ್ಬೊಬ್ಬರಾಗಿ ಅದನ್ನೇ ಹತ್ತಿದರು. ಕೊನೆಗೆ ನನ್ನ ಕಾರ್ಖಾನೆಯಲ್ಲಿ ಉಳಿದದ್ದು ನಾನೊಬ್ಬನೇ. ಭಾಗ್ಯಳಿಗೆ ಇಲ್ಲಿಂದ ಎರಡು ವರ್ಷದ ಕೆಲಸದ ಕರೆ ಬಂದಾಗ ನಾನೇ ಹೊರಡೋಣ ಎಂದೆ. ಟೀ ಅಂಗಡಿಯಲ್ಲಿ ಗೆಳೆಯ ಕೆಂಪರಾಜು ಕೆಣಕಿದ.

“ಏನ್ಲಾ ಶಿವಲಿಂಗು, ಎಡ್ತಿ ಹಿಂದೆ ವೊಂಟ್ಬುಟ್ಟಂತೆ? ಅಲ್ಲೋಗಿ ಅನ್ನ ಬೇಯಿಸ್ಕೊಂಡ್ ಕೂತ್ಕತೀಯಾ?”

“ಬೇಯಿಸ್ತೀನಿ ಕಣ್ಲಾ. ನಿನ್ನಂಗೆ ಬೇಯಿಸಿದ್ದ ಉಂಡು ಉಪ್ಪಿಲ್ಲ ಅನ್ನೋದ್ಕಿಂತ ವಾಸಿ.”

ಎಲ್ಲರೂ ನಕ್ಕರು. ಆದರೆ ಅವನ ಮಾತು ಮಾತ್ರ ವಿಮಾನದಲ್ಲೂ ನನ್ನ ಜೊತೆಗೇ ಬಂತು.

ನಮ್ಮೂರಿನಲ್ಲಿ ಬಾಗಿಲು ಮುಚ್ಚಿದ್ದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಅರ್ಥ. ಇಲ್ಲಿ ಬಾಗಿಲು ಮುಚ್ಚಿರುವುದೇ ಕ್ರಮ. ಮೂರನೇ ಮಹಡಿಯಲ್ಲಿದ್ದ ನಮಗೆ ಎದುರುಮನೆಯವರ ಮುಖ ನೋಡಲು ಒಂದು ತಿಂಗಳು ಬೇಕಾಯಿತು. ನಮ್ಮ ಮನೆಯಲ್ಲಿ ಸೋಮವಾರ ದೇವರ ದಿನ, ಎತ್ತು ಹೂಡುವುದಿಲ್ಲ, ಉಳಿ ಹಿಡಿಯುವುದಿಲ್ಲ. ಇಲ್ಲಿ ಆ ಮರ್ಯಾದೆ ಭಾನುವಾರಕ್ಕೆ. ‘ರುಹೆ’ ಎನ್ನುತ್ತಾರೆ, ನಿಶ್ಶಬ್ದ ಎಂದರ್ಥ. ಅವತ್ತು ಗೋಡೆಗೆ ಮೊಳೆ ಹೊಡೆದರೂ ಕೆಳಗಿನವರು ಬಂದು ಬಾಗಿಲು ತಟ್ಟುತ್ತಾರೆ. ಇದು ಮಾತ್ರ ನನಗೆ ತಕ್ಷಣ ಒಗ್ಗಿತು. ದಿನವೊಂದೇ ಬೇರೆ, ಭಯ ಭಕ್ತಿ ಅದೇ. ರಾಗಿ ಸಿಗದೆ ಒದ್ದಾಡುವಾಗ ‘ಬುಖ್‌ವೈಟ್ಸನ್’ ಎಂಬ ಕಂದು ಹಿಟ್ಟು ಸಿಕ್ಕಿತು. ಮುದ್ದೆ ಕಟ್ಟಿದೆ. ರುಚಿ ಬೇರೆ, ಗಂಟಲಲ್ಲಿ ಇಳಿಯುವ ರೀತಿ ನಮ್ಮದೇ.

ಭಾಷೆ ಕಲಿಯುವ ತರಗತಿಯಲ್ಲಿ ಒಂದು ದಿನ ಟೀಚರಮ್ಮ ನನ್ನ ಕಸುಬು ಕೇಳಿದಳು. ಮಾತು ಬಾರದೆ, ಕೈ ತಿರುಗಿಸಿ ಮರ ಕಡೆಯುವ ಅಭಿನಯ ಮಾಡಿದೆ. ಆಕೆ ‘ಡ್ರೆಕ್ಸ್ಲರ್’ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು. ಮರ ಕಡೆಯುವವನಿಗೆ ಇಲ್ಲಿ ಒಂದು ಹೆಸರಿದೆ, ಅದಕ್ಕೆ ಮೂರು ವರ್ಷದ ಓದಿದೆ. ನಮ್ಮ ರೇಷನ್ ಕಾರ್ಡಿನಲ್ಲಿ ನಾನು ಬರೀ ಕೂಲಿ. ಆ ಪದ ಹಿಡಿದುಕೊಂಡೇ ಊರಾಚೆಯ ಒಂದು ಮರದ ಕಾರ್ಖಾನೆಗೆ ಹೋಗಿ ನಿಂತೆ. ಮೆಟ್ಟಿಲ ಕಟಕಟೆಯ ಕಂಬ ಒಂದನ್ನು ಕಡೆದು ತೋರಿಸೆಂದರು. ತೋರಿಸಿದೆ. ಸೋಮವಾರದಿಂದ ಬಾ ಎಂದರು. ಮಂಗಳವಾರದಿಂದ ಬರುತ್ತೇನೆ ಎಂದೆ. ಕಾರಣ ಹೇಳುವಷ್ಟು ಜರ್ಮನ್ ಇರಲಿಲ್ಲ. ಮುಂದಿನ ಸೋಮವಾರಗಳಲ್ಲಿ ಮನಸ್ಸಿನಲ್ಲೇ ದೇವರ ಕ್ಷಮೆ ಕೇಳಿ ಉಳಿ ಹಿಡಿದೆ.

ನನಗೆ ಕೆಲಸ ಸಿಕ್ಕರೂ ನಮ್ಮ ವೀಸಾ ಭಾಗ್ಯಳ ಕೆಲಸಕ್ಕೆ ಕಟ್ಟಿದ್ದು. ಅದಕ್ಕೆ ಎರಡು ವರ್ಷದ ಆಯಸ್ಸು. ಮುಗಿಯುವ ಮುಂಚೆ ಇನ್ನೆರಡು ವರ್ಷ ಎಂದು ಕಾಗದ ಬಂತು. ಆದ್ದರಿಂದ ಬಂದಾಗಿನ ರಟ್ಟಿನ ಪೆಟ್ಟಿಗೆಗಳನ್ನು ನಾವು ಎಸೆದಿರಲಿಲ್ಲ. ಮಡಚಿ ಮಂಚದ ಕೆಳಗೆ ತುರುಕಿದ್ದೆವು. ಗೋಡೆಗೆ ಒಂದು ಪಟವನ್ನೂ ಹಾಕಲಿಲ್ಲ. ೨೦೦೯ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಯಿತು. ಅದು ಸಿಗದಿದ್ದರೆ ಇಲ್ಲಿ ಇನ್ನೊಂದು ಅವಧಿ ಇಲ್ಲ. ಊರಿಗೆ ಹೋದರೆ ನನಗೆ ಬೊಂಬೆ ಕಡೆಯುವ ಲೇತು ಇದೆ. ಅವಳಿಗೆ ಯಾವುದಾದರೂ ಕಾಲೇಜಿನಲ್ಲಿ ಗಂಟೆ ಲೆಕ್ಕದ ಪಾಠ, ಇಷ್ಟು ವರ್ಷ ಕಟ್ಟಿದ ಲೆಕ್ಕವೆಲ್ಲ ಅಲ್ಲಿಗೆ ನಿಂತಂತೆ. ನಾನು ಊರು ಊರು ಎಂದು ಹಲುಬುತ್ತಿದ್ದವನೇ. ಆದರೂ ಅವಳು ಊಟ ಬಿಟ್ಟು ಓದುವುದನ್ನು ನೋಡಿ, ಆ ಹುದ್ದೆ ಸಿಗಲಪ್ಪ ಎಂದು ಬೇಡಿಕೊಂಡೆ.

ಆಯ್ಕೆಯ ದಿನ ಅವಳು ಪ್ರೊಫೆಸರುಗಳ ಮುಂದೆ ನಿಂತು ತನ್ನ ಕೆಲಸ ವಿವರಿಸಬೇಕು. ನನ್ನ ಕಡೆಯಿಂದ ಏನಾದರೂ ಇರಲಿ ಅನ್ನಿಸಿತು. ಅವಳು ವರ್ಷಗಟ್ಟಲೆ ಲೆಕ್ಕ ಹಾಕಿದ ಒಂದು ಔಷಧಿಯ ಅಣುವಿನ ಚಿತ್ರ ಮೇಜಿನ ಮೇಲಿತ್ತು: ಕಪ್ಪು, ಬೂದು, ಬಿಳಿ ಗುಂಡುಗಳು, ನಡುವೆ ಕಡ್ಡಿಗಳು. ಅದನ್ನು ನೋಡಿ ಮರದಲ್ಲಿ ಗುಂಡು ಕಡೆದೆ. ಊರಿಂದ ತಂದ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ತಂದೆ. ಬೂದುಬಣ್ಣದವಕ್ಕೆ ಕುಂಕುಮದ ಕೆಂಪು ಬಳಿದೆ. ಕಪ್ಪು ಗುಂಡುಗಳೇ ಹೆಚ್ಚಿದ್ದವು. ನಮ್ಮ ಮನೆಯಲ್ಲಿ ಒಳ್ಳೆಯ ಕೆಲಸಕ್ಕೆ ಕೊಡುವ ಸಾಮಾನಿಗೆ ಕಪ್ಪು ಹಾಕುವುದಿಲ್ಲ. ಬೊಂಬೆಯ ಕಣ್ಣಿಗೆ ಬಿಟ್ಟರೆ ಕಪ್ಪು ಅರಗು ಮುಟ್ಟುವುದೇ ಇಲ್ಲ. ಪ್ರಿಂಟರಿನಲ್ಲಿ ಬೇರೆ ಬಣ್ಣ ಇರಲಿಲ್ಲವೇನೋ ಅಂದುಕೊಂಡು ಅವಕ್ಕೆಲ್ಲ ಅರಿಶಿನದ ಹಳದಿ ಹಾಕಿದೆ.

ಗುಂಡುಗಳನ್ನೆಲ್ಲ ಕಡ್ಡಿಗಳಿಂದ ಜೋಡಿಸಿ, ಆಯ್ಕೆಯ ದಿನ ಬೆಳಿಗ್ಗೆ ಅವಳ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು.

“ಬಾವ, ಕಪ್ಪು ಅಂದ್ರೆ ಇಂಗಾಲ. ಹಳದಿ ಗಂಧಕಕ್ಕೆ ಹಾಕೋದು. ನನ್ ಔಷ್ದೀನೆಲ್ಲ ಗಂಧಕ ಮಾಡ್ಬುಟ್ರಲ್ಲ.”

ತೆಗೆದಿಡು, ಸಂಜೆ ಸರಿ ಮಾಡುತ್ತೇನೆ ಎಂದು ಕೈ ಚಾಚಿದೆ. ಕೊಡಲಿಲ್ಲ.

“ಇರ್ಲಿ ಬುಡಿ. ಅರಿಶ್ಣ ಅಲ್ವಾ.”

ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು ಆಗಲೇ. ನೆಟ್ಟಗೆ ಕೂತು ಎರಡು ದೋಸೆ ತಿಂದು ಹೊರಟಳು.

ಅಲ್ಲಿ ನಡೆದದ್ದನ್ನು ಸಂಜೆ ಹೇಳಿದಳು. ಬಿಳಿಗಡ್ಡದ ಪ್ರೊಫೆಸರೊಬ್ಬರು ಮೇಜಿನ ಮೇಲಿದ್ದ ಅಣುವನ್ನು ನೋಡಿ, ಇಷ್ಟು ಗಂಧಕ ಎಲ್ಲಿಂದ ಬಂತು ಎಂದು ಗಂಭೀರವಾಗಿ ಕೇಳಿದರಂತೆ. ನನ್ನ ಗಂಡ ಡ್ರೆಕ್ಸ್ಲರ್, ಅವರ ಮನೆಯಲ್ಲಿ ಶುಭಕಾರ್ಯಕ್ಕೆ ಕಪ್ಪು ಹಾಕುವುದಿಲ್ಲ ಎಂದು ಇವಳು ಹೇಳಿದಳಂತೆ. ಎಲ್ಲರೂ ನಕ್ಕರು. ಆಮೇಲೆ ಒಂದು ಗಂಟೆ ಸುಸ್ತಾಗುವಂತೆ ಪ್ರಶ್ನೆ ಕೇಳಿದರು. ನಗು ನನ್ನ ಅಣುವಿನಿಂದ ಬಂತು, ಉತ್ತರವೆಲ್ಲ ಅವಳದೇ.

ಕೆಲವು ವಾರ ಕಳೆದು, ನಾನು ಕಂಬ ಕಡೆಯುತ್ತಿದ್ದಾಗ ಕಾರ್ಖಾನೆಗೆ ಫೋನು ಬಂತು. ಅವಳೇ.

“ಬಾವ, ಇನ್ನು ಪೆಟ್ಗೆ ಎತ್ತಿ ಎಸೆದ್ಬುಡಿ.”

ಅಷ್ಟೇ ಹೇಳಿದಳು. ಮರದ ಹೊಟ್ಟಿನ ಮೇಲೇ ಕೂತುಬಿಟ್ಟೆ. ನಾಲ್ಕು ವರ್ಷ ಹೊತ್ತಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಇಳಿಸಿಕೊಂಡ ಹಾಗಾಯಿತು. ಊರಿಗೆ ಫೋನು ಮಾಡಿದರೆ ಅವ್ವ ಖುಷಿಪಟ್ಟಳು, ಆಮೇಲೆ, ಹಂಗಾದ್ರೆ ಲೇತಿಗೆ ಗೋಣಿಚೀಲ ಹೊದಿಸ್ತೀನಿ, ಧೂಳು ಹಿಡೀತದೆ ಎಂದಳು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಇಲ್ಲಿ ಒಂದು ಬಾಡಿಗೆ ಮನೆ, ಕಾಯಂ ಕೆಲಸದ ಹೆಂಡತಿ, ಜರ್ಮನ್ ಪರೀಕ್ಷೆ ಪಾಸಾದ ಒಂದು ಕಾಗದ, ಗೋಡೆಯ ಮೇಲೆ ಎರಡು ಪಟ. ಅಲ್ಲಿ ಅವ್ವ, ಅರ್ಧ ಎಕರೆ ಹಿಪ್ಪುನೇರಳೆ, ಗೋಣಿ ಹೊದ್ದ ಒಂದು ಲೇತು. ಭಾಗ್ಯಳ ಆಫೀಸಿನಲ್ಲಿ ಹಳದಿ ಇಂಗಾಲದ ಒಂದು ಅಣು. ಪೆಟ್ಟಿಗೆಗಳನ್ನೆಲ್ಲ ಎಸೆದೆ. ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ, ಮಂಚದ ಕೆಳಗೆ.