ದುರ್ಬೀನಮ್ಮನ ಬೀದಿ

"ನಿಮ್ಮ ಬೀದಿ ಸೇಫಾ?" ಅಂತ ಅಕ್ಕ ಫೋನಿನಲ್ಲಿ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಇಲ್ಲೇ ಹುಟ್ಟಿ ಬೆಳೆದವಳು ಅವಳು, ಕೇಳುವುದು ನನ್ನನ್ನು! ಏನಂತ ಹೇಳಲಿ? ಮಿಲ್ಲು ಮುಚ್ಚಿದ ಮೇಲೆ ಬೀದಿದೀಪಗಳು ಒಂದೊಂದಾಗಿ ಆರಿದವು. ಮಿಲ್ಲಿನ ಹಳೇ ಗೋಡೆ ತುಂಬು ಬಸುರಿಯ ಹಾಗೆ ರಸ್ತೆಯ ಕಡೆಗೆ ಉಬ್ಬಿ ನಿಂತಿದೆ. ಹೋದ ತಿಂಗಳು ಅದರಿಂದ ಇಟ್ಟಿಗೆಯೊಂದು ಕಳಚಿ ನಲ್ಲಿಯ ಹತ್ತಿರ ಬಿತ್ತು. ಕೊಡ ಅಪ್ಪಚ್ಚಿಯಾಯಿತು, ಕೊಡ ಇಟ್ಟವಳು ಬಚಾವಾದಳು. ಆದರೆ ಇದೇ ಬೀದಿಯಲ್ಲಿ ನಾನು ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕದೆ ಊಟಕ್ಕೆ ಹೋಗುತ್ತೇನೆ, ಇದುವರೆಗೆ ಒಂದು ಸೂಜಿ ಕಳೆದಿಲ್ಲ. ಇದನ್ನು ಸೇಫ್ ಅನ್ನಬೇಕೋ ಅಲ್ಲ ಅನ್ನಬೇಕೋ? "ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡ್ಬೇಡ ಕಣೆ," ಅನ್ನುತ್ತಿದ್ದಳು ಅಕ್ಕ. ಗೋಡೆಯೇ ಬೀಳುವ ಹಾಗಿರುವಾಗ ದೀಪ ಎಲ್ಲಿಡಲಿ, ನನ್ನ ತಲೆಯ ಮೇಲೆಯೇ?

ಅವಳು ಕೇಳುತ್ತಿದ್ದದ್ದು ತನ್ನ ತಾಯಿಗಾಗಿ. ಅವಳ ತಾಯಿ ನನಗೆ ದೊಡ್ಡಮ್ಮ, ನನ್ನಮ್ಮನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಅಂಗಡಿಯ ಮೇಲಿನ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ತಾಯಿಯನ್ನು ಹೊಸ ಬಡಾವಣೆಯ ಒಂಬತ್ತನೇ ಮಹಡಿಗೆ ಕರೆದೊಯ್ಯಬೇಕೆಂದು ಅಕ್ಕನ ಹಟ, ಬೀದಿ ಬಿಟ್ಟು ಕದಲುವುದಿಲ್ಲವೆಂದು ದೊಡ್ಡಮ್ಮನ ಹಟ. ಇಬ್ಬರ ನಡುವೆ ನನ್ನ ತಲೆ ಕೆಟ್ಟು ಹೋಗಿತ್ತು. ಆ ಗೋಡೆ ನೋಡಿದಾಗ ಹೋಗಲಿ ಅನ್ನಿಸುತ್ತಿತ್ತು. ಅವಳ ಮುಖ ನೋಡಿದಾಗ ಅಯ್ಯೋ, ನನ್ನನ್ನು ಬಿಟ್ಟು ಎಲ್ಲಿಗೂ ಹೋಗದಿರಲಿ ಅನ್ನಿಸುತ್ತಿತ್ತು.

ದೊಡ್ಡಮ್ಮ ಮದುವೆಗೆ ಮುಂಚೆಯೇ ಮಿಲ್ಲಿನ ಮಗ್ಗದ ಶೆಡ್ಡು ಸೇರಿದವಳು. ಆ ಗದ್ದಲದಲ್ಲಿ ಪಕ್ಕದವಳು ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಹೆಂಗಸರು ದನಿ ಬಿಟ್ಟು ತುಟಿಯಲ್ಲೇ ಮಾತಾಡಲು ಕಲಿತರು. ಯಾರ ಸೊಸೆ ಬಸುರಿ, ಯಾರ ಗಂಡ ಕುಡಿದು ಚರಂಡಿಯಲ್ಲಿ ಬಿದ್ದ, ಎಲ್ಲವೂ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಸದ್ದಿಲ್ಲದೆ ದಾಟುತ್ತಿತ್ತು. ಮಗ್ಗಗಳು ನಿಲ್ಲುವ ಹೊತ್ತಿಗೆ ಅವಳ ಕಿವಿಗಳೂ ನಿಂತು ಹೋಗಿದ್ದವು. ಆದರೆ ಕಣ್ಣು, ಅಬ್ಬಬ್ಬಾ! ಎದುರುಮನೆಯ ಕಿಟಕಿಯಲ್ಲಿ ಗಂಡ ಹೆಂಡತಿ ಪಿಸುಗುಟ್ಟುತ್ತ ಜಗಳವಾಡಿದರೆ ಇವಳು ಇಲ್ಲಿ ಕೂತು ತೀರ್ಪು ಕೊಡುತ್ತಿದ್ದಳು. ಅದಕ್ಕೇ ಬೀದಿಯವರು ದುರ್ಬೀನಮ್ಮ ಅಂತ ಹೆಸರಿಟ್ಟಿದ್ದರು. ಬೀದಿಯ ಅರ್ಧಕ್ಕರ್ಧ ಜನ ಅದೇ ಶೆಡ್ಡಿನಲ್ಲಿ ಕಿವಿ ಕಳೆದುಕೊಂಡವರು. ಇಲ್ಲಿ ಯಾರೂ ಬೆನ್ನು ತಿರುಗಿಸಿಕೊಂಡು ಮಾತಾಡುವುದಿಲ್ಲ. ತರಕಾರಿಯವನೂ ಗಾಡಿ ನಿಲ್ಲಿಸಿ, ಮುಖ ಮೇಲೆತ್ತಿ, ಕಿಟಕಿ ನೋಡಿಯೇ ದರ ಹೇಳುತ್ತಾನೆ. ಗುಟ್ಟು ಹೇಳುವವರು ಬಾಯಿಗೆ ಸೆರಗು ಅಡ್ಡ ಹಿಡಿಯಬೇಕು, ಇಲ್ಲದಿದ್ದರೆ ಅದು ಗುಟ್ಟಾಗಿ ಉಳಿಯುವುದಿಲ್ಲ.

ಒಂದು ಸಂಜೆ ದೊಡ್ಡಮ್ಮ ಮೆಟ್ಟಿಲಿಳಿದು ಅಂಗಡಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಬಾಗಿಲು ಹಾಕೇ! ಇಬ್ಬರು ಗಂಡಸರು, ಗುರುತಿಲ್ಲದೋರು. ನಮ್ಮ ಕಿಟಕಿಗೆ ಬೆರಳು ತೋರಿಸ್ಕೊಂಡು ಮಾತಾಡ್ತಿದ್ರು."

"ಏನಂತ?" ಅಂದೆ ಅವಳೆದುರು ನಿಂತು.

"ಮೆಲ್ಲಗೆ ಬಂದು ಮುಗಿಸಿಬಿಡೋಣ ಅಂತ! ನನ್ನ ಈ ಕಣ್ಣಾರೆ ನೋಡ್ದೆ."

ಈ ಮುದುಕಿಯನ್ನು ಮುಗಿಸಿ ಯಾರಿಗೆ ಏನು ಸಿಗಬೇಕು? ಮತ್ತೆ, ಅವಳ ಕಣ್ಣು ಯಾವತ್ತೂ ತಪ್ಪಿದ್ದಿಲ್ಲವಲ್ಲ! ನಾನು ಹೊರಗೆ ಬಂದು ಹೇಳಿದ್ದೇ ತಡ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು, ಸುದ್ದಿ ಬೀದಿಯ ತುದಿ ಮುಟ್ಟುವ ಹೊತ್ತಿಗೆ ಇಬ್ಬರು ನಾಲ್ವರಾಗಿ, ಕೈಗೆ ಮಚ್ಚೂ ಬಂದಿತ್ತು. ಅಕ್ಕನಿಗೆ ಫೋನು ಮಾಡಿದೆ. ಮಾಡಬಾರದಿತ್ತೋ, ಮಾಡಲೇಬೇಕಿತ್ತೋ, ಇವತ್ತಿಗೂ ಬಗೆಹರಿದಿಲ್ಲ.

ಬೆಳಗಾಗುತ್ತಲೇ ಅಕ್ಕನ ಕಾರು ಬಂತು. ಅದರ ಹಿಂದೆಯೇ ಆ ಇಬ್ಬರೂ ಬಂದರು, ಹೆಗಲ ಮೇಲೆ ಏಣಿ ಹೊತ್ತುಕೊಂಡು. ಅವರೇ, ಅವರೇ ಅಂತ ದೊಡ್ಡಮ್ಮ ಕಿಟಕಿಯಿಂದ ಕೂಗಿದಳು. ಒಂದು ಕಾಲದಲ್ಲಿ ಮಗ್ಗದ ಹೆಂಗಸರ ಮೇಲ್ವಿಚಾರಣೆ ನೋಡುತ್ತಿದ್ದ ಜಾಬರ್ ತಾತ ಊರುಗೋಲನ್ನು ಅಡ್ಡ ಹಿಡಿದು ನಿಂತರು. ಹಿಂದೆ ಇಡೀ ಬೀದಿ, ಒಬ್ಬಳ ಕೈಯಲ್ಲಿ ಲಟ್ಟಣಿಗೆ ಬೇರೆ.

"ಅಯ್ಯೋ ಬಿಡ್ರೀ ಸ್ವಾಮಿ! ಲೈಟ್ ಹಾಕೋಕೆ ಬಂದಿರೋದು ನಾವು. ಬೀದಿ ಕತ್ತಲು ಅಂತ ನೀವೇ ತಾನೆ ದೂರು ಕೊಟ್ಟಿದ್ದು?" ಅಂದ ಅವರಲ್ಲೊಬ್ಬ.

"ನಿನ್ನೆ ಇಲ್ಲಿ ನಿಂತು ಏನಂದ್ರಿ? ಅದನ್ನ ಬೊಗಳಿ ಮೊದಲು," ಅಂದರು ತಾತ.

"ಏನಂದ್ವಿ? ಆ ಕಿಟಕಿ ಪಕ್ಕದ ಕಂಬಕ್ಕೆ ದೀಪ ಹಾಕ್ಬೇಕು, ಕತ್ತಲಾಯ್ತು, ಬೆಳಗ್ಗೆ ಬಂದು ಮುಗಿಸಿಬಿಡೋಣ ಅಂದ್ವಿ."

ತಾತ ಊರುಗೋಲು ಕೆಳಗಿಳಿಸಿದರು. "ಅದನ್ನೇ ದನಿ ಇಲ್ಲದೆ ಹೇಳು, ತುಟಿ ಮಾತ್ರ ಆಡಿಸು," ಅಂದರು. ಪಾಪ, ಅವನು ಹೆದರಿಕೊಂಡು ಹೇಳಿದ. ನಾವೆಲ್ಲ ಅವನ ಬಾಯನ್ನೇ ನೋಡಿದೆವು. ಬೆಳಗ್ಗೆಯೋ ಮೆಲ್ಲಗೆಯೋ, ಆ ದೇವರಿಗೇ ಗೊತ್ತು! ಪ, ಬ, ಮ, ಮೂರಕ್ಕೂ ತುಟಿ ಮುಚ್ಚುವುದು ಒಂದೇ ಥರ. ಶೆಡ್ಡಿನಲ್ಲಿ ಇದಕ್ಕೊಂದು ಉಪಾಯವಿತ್ತು ಅಂತ ತಾತ ಹೇಳಿದರು: ಮ ಬಂದ ಕಡೆ ಒಂದು ಬೆರಳಿಂದ ಮೂಗು ಮುಟ್ಟಿಕೊಳ್ಳುತ್ತಿದ್ದರಂತೆ. ಹೊರಗಿನವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು?

"ಅವನಿಗೆ ಮೂಗು ತುರಿಸಿರುತ್ತೆ, ಇವಳು ಮ ಅಂದ್ಕೊಂಡಿರ್ತಾಳೆ," ಅಂದಳು ಲಟ್ಟಣಿಗೆಯವಳು. ಬೀದಿ ಬಿದ್ದು ಬಿದ್ದು ನಕ್ಕಿತು. ದೀಪ ಹಾಕಲು ಬಂದವರನ್ನು ಕಳ್ಳರೆಂದು ಹಿಡಿದ ಬೀದಿ ನಮ್ಮದೊಂದೇ ಇರಬೇಕು. ನಗದೇ ಇದ್ದವರು ಇಬ್ಬರೇ. ಒಬ್ಬಳು ದೊಡ್ಡಮ್ಮ, ಇನ್ನೊಬ್ಬಳು ಅಕ್ಕ.

ಕೋಣೆಗೆ ಬಂದ ಅಕ್ಕ ಬೀರು ತೆರೆದು ಸೀರೆಗಳನ್ನು ಬ್ಯಾಗಿಗೆ ತುಂಬತೊಡಗಿದಳು. ನಮಗೆ ಬೆನ್ನು ಹಾಕಿಕೊಂಡೇ ಮಾತು. "ಕಿವಿ ಹೋಗಿತ್ತು, ಈಗ ಕಣ್ಣೂ ಕೈ ಕೊಡ್ತು. ನಾಳೆ ನಿಜವಾದ ಕಳ್ಳ ಬಂದ್ರೆ? ಆ ಗೋಡೆ ಬಿದ್ರೆ? ಹೇಳಮ್ಮ, ಬರ್ತೀಯೋ ಇಲ್ವೋ?" ದೊಡ್ಡಮ್ಮ ಮಂಚದ ಮೇಲೆ ಕೂತು ಮಗಳ ಬೆನ್ನನ್ನೇ ನೋಡುತ್ತಿದ್ದಳು. "ನೋಡು, ಒಂದು ಉತ್ತರಾನೂ ಇಲ್ಲ!" ಅಂದಳು ಅಕ್ಕ.

ನನಗೆ ರೇಗಿಹೋಯಿತು. ಅಕ್ಕನ ಭುಜ ಹಿಡಿದು ತಿರುಗಿಸಿದೆ. "ಅವಳ ಕಡೆ ಮುಖ ಮಾಡಿ ಹೇಳೇ ಮಾರಾಯ್ತಿ! ಇದೂ ಮರೆತು ಹೋಯ್ತಾ ನಿಂಗೆ?"

ಅಕ್ಕ ತಾಯಿಯ ಎದುರು ನಿಂತಳು. ದನಿ ಹೊರಡಿಸಲಿಲ್ಲ. ತುಟಿ ಮಾತ್ರ ಆಡಿತು. ಚಿಕ್ಕವಳಿದ್ದಾಗ ಮಿಲ್ಲಿನ ಗೇಟಿನ ಹೊರಗೆ ನಿಂತು, ಒಳಗಿದ್ದ ತಾಯಿಯೊಂದಿಗೆ ಅವಳು ಹೀಗೆಯೇ ಮಾತಾಡುತ್ತಿದ್ದಳು. "ನಂಗೆ ನಿದ್ದೆ ಬರಲ್ಲ, ಅಮ್ಮಾ. ಫೋನ್ ಬಂದ್ರೆ ಸಾಕು, ನೀನು ಹೋದೆ ಅಂತಾನೇ ಅನ್ಸುತ್ತೆ." ಅಮ್ಮಾ ಅನ್ನುವಾಗ ಅವಳ ಬೆರಳು ತಾನಾಗಿಯೇ ಮೂಗಿಗೆ ಹೋಯಿತು.

ದೊಡ್ಡಮ್ಮ ಮಂಚದಿಂದ ಎದ್ದಳು. "ಲೇ, ಅಮ್ಮಂಗೆ ಸೇಫ್ ಇಲ್ಲ, ಸೇಫ್ ಇಲ್ಲ ಅಂತ ಬಡ್ಕೊತಿದ್ಯಲ್ಲೇ. ಭಯ ನಿಂಗೆ ಅಂತ ಒಂದು ಮಾತು ಹೇಳ್ಬಾರದಿತ್ತಾ? ನಡಿ ಹೋಗೋಣ," ಅಂದಳು.

ಅಷ್ಟೇ. ಮುಗಿಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೇನು ಹೇಳುತ್ತಿದ್ದೆ, ಅದೂ ಗೊತ್ತಿಲ್ಲ. ಗೋಡೆಯ ಕೆಳಗಿಂದ ಪಾರಾದಳಲ್ಲ ಎಂಬ ಸಮಾಧಾನ ಒಂದು ಕಡೆ, ಇನ್ನು ಆ ಕೋಣೆಯಲ್ಲಿ ನಾನೊಬ್ಬಳೇ ಎಂಬ ಸಂಕಟ ಇನ್ನೊಂದು ಕಡೆ. ಬ್ಯಾಗು ಕಾರಿಗೆ ಹಾಕಿದ್ದೂ ನಾನೇ.

ಗಾಜು ಏರಿಸಿದ ಕಾರು ಹೊರಟಿತು. ನಾನು ಪಕ್ಕದಲ್ಲಿ ಓಡಿದೆ, ಗೋಡೆ ಉಬ್ಬಿದ ಜಾಗದವರೆಗೂ. ಹಿಂದಿನ ಸೀಟಿನಿಂದ ದೊಡ್ಡಮ್ಮ ನನ್ನ ಕಡೆ ತಿರುಗಿ ಏನೋ ಹೇಳಿದಳು. ಒಂದೇ ಮಾತು. ಮರೀಬೇಡ ಅಂದಳೋ, ಬರಬೇಡ ಅಂದಳೋ? ಕೈ ಮೂಗಿನ ಹತ್ತಿರ ಹೋಗಿತ್ತು, ಅದು ಮಾತ್ರ ನಿಜ.

"ಮೂಗು ಮುಟ್ಟಿದ್ಲು ಮಗಳೇ. ಮರೀಬೇಡ ಅಂತಾನೇ," ಅಂದರು ಜಾಬರ್ ತಾತ.

"ನಿಮ್ಮ ತಲೆ! ಅಳ್ತಿದ್ಲು, ಸೆರಗಲ್ಲಿ ಮೂಗು ಒರೆಸ್ಕೊಂಡ್ಲು. ಇವಳು ಗೋಡೆ ಪಕ್ಕಾನೇ ಓಡ್ತಿದ್ಲಲ್ಲ, ಬರಬೇಡ ಅಂದ್ಲು," ಅಂದಳು ಲಟ್ಟಣಿಗೆಯವಳು.

ಬೀದಿ ಎರಡು ಪಕ್ಷವಾಗಿ ಇನ್ನೂ ವಾದಿಸುತ್ತಿದೆ. ಫೋನು ಮಾಡಿ ಕೇಳೋಣವೆಂದರೆ ಅವಳಿಗೆ ಫೋನು ಕೇಳಿಸುವುದಿಲ್ಲ. ಅಕ್ಕನನ್ನು ನಡುವೆ ಇಟ್ಟುಕೊಂಡು ಕೇಳುವ ಮಾತು ಇದಲ್ಲ. ಭಾನುವಾರ ಅಂಗಡಿ ಮುಚ್ಚಿ ಆ ಒಂಬತ್ತನೇ ಮಹಡಿ ಹತ್ತುತ್ತೇನೆ. ಬರಬೇಡ ಅಂದಿದ್ದರೆ ನನ್ನ ಮುಖ ನೋಡಿಕೊಂಡು ಇನ್ನೊಂದು ಸಲ ಹೇಳಲಿ, ನೋಡೋಣ.