ಹಿಮ್ಮಡಿಯ ಕೆಳಗೆ ನನ್ನ ಕೈ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಹಾಲು ಉಕ್ಕಿ ಸೀದು, ಆ ವಾಸನೆ ನಮ್ಮ ಅಡುಗೆಮನೆವರೆಗೂ ಬಂತು. ಅಕ್ಕ ತೀರಿಕೊಂಡು ಎರಡು ತಿಂಗಳು. ನಿಂತಿದ್ದು ಹೃದಯ, ಆದರೆ ನನಗೆ ನೆನಪಾದದ್ದು ಅವಳ ಕಾಲು.

ನಾಲ್ಕು ವರ್ಷದ ಹಿಂದೆ, ಹೊಸದುರ್ಗದ ಈ ಮನೆಯಲ್ಲೇ, ಅವಳ ಬಲಗಾಲು ಇದ್ದಕ್ಕಿದ್ದಂತೆ ಸೋತಿತು. ಊರಿದರೆ ಮಡಚಿಕೊಳ್ಳುತ್ತಿತ್ತು. ಸ್ಕ್ಯಾನಿಂಗ್‌ನಲ್ಲಿ ಏನೂ ಸಿಗಲಿಲ್ಲ. ಏನೂ ಸಿಗದಿದ್ದರೆ ಏನೂ ಇಲ್ಲ ಎಂದು ತೀರ್ಮಾನಿಸುವಷ್ಟು ಬುದ್ಧಿವಂತ ನಾನು. ಹಾಗಾಗಿ ನಾನೇ ಒಂದು ಪರೀಕ್ಷೆ ಮಾಡಿದೆ. ಅವಳನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಒಲೆಯ ಮೇಲೆ ಹಾಲಿಟ್ಟು, ಬಾಗಿಲ ಹಿಂದೆ ನಿಂತೆ. ಹಾಲು ಉಕ್ಕಿತು. ಅಕ್ಕ ಎದ್ದು, ಎರಡು ಹೆಜ್ಜೆ ಸಲೀಸಾಗಿ ನಡೆದು, ಗ್ಯಾಸ್ ಆರಿಸಿದಳು. ಆಮೇಲೆ ತನ್ನ ಕಾಲು ನೋಡಿಕೊಂಡು ಕುಸಿದಳು.

"ಸಿಕ್ಕಿಬಿದ್ದೆ ನೋಡಕ್ಕ!" ಎಂದೆ.

"ಲೇ, ಎದ್ದಿದ್ದು ನಂಗೇ ಗೊತ್ತಾಗ್ಲಿಲ್ಲ ಕಣೋ."

ಸಂಜೆ ಇದನ್ನು ಹೊಳಲ್ಕೆರೆಯ ಸೋದರಮಾವನಿಗೆ ಫೋನಿನಲ್ಲಿ ನಗುತ್ತಾ ಹೇಳಿದೆ. ನಿಮಗೂ ಅಂಥ ಮಾವ ಒಬ್ಬರಿರಬೇಕು. ಅವರ ಬಾಯಿಗೆ ಬಿದ್ದ ಮೇಲೆ ಕೇಳಬೇಕೆ? ಮತ್ತೋಡಿನ ನೆಂಟರವರೆಗೂ ಅಕ್ಕ 'ಕಾಲಿನ ನಾಟಕದೋಳು' ಆದಳು.

ಕೊನೆಗೆ ಅಕ್ಕನನ್ನು ತೋರಿಸಿದ ಚಿತ್ರದುರ್ಗದ ನರರೋಗದ ಡಾಕ್ಟರು ನನಗಿಂತ ಚಿಕ್ಕವರು. ಅಕ್ಕನನ್ನು ಮಲಗಿಸಿ, ಅವಳ ಬಲ ಹಿಮ್ಮಡಿಯ ಕೆಳಗೆ ನನ್ನ ಕೈ ಇಡಿಸಿದರು. "ಕೆಳಗೊತ್ರಮ್ಮ" ಎಂದರು. ಕೈಗೆ ಏನೂ ತಾಕಲಿಲ್ಲ. "ಅದನ್ನ ಬಿಡ್ರಿ, ಎಡಗಾಲು ಮೇಲೆತ್ರಿ" ಎಂದು ಆ ಕಾಲನ್ನು ತಾವು ಅದುಮಿ ಹಿಡಿದರು. ಅಕ್ಕ ಎತ್ತಲು ಹೆಣಗಿದಳು. ಆಗ ಬಲ ಹಿಮ್ಮಡಿ ನನ್ನ ಕೈಯನ್ನು ಹಾಸಿಗೆಗೆ ಗಟ್ಟಿಯಾಗಿ ಒತ್ತಿತು.

"ಹಂಗಾದ್ರೆ ನಾಟಕನೇ ಅಲ್ವಾ ಮೇಡಂ?" ಎಂದೆ. ಹಾಲಿನ ಕಥೆಯನ್ನೂ ಹೇಳಿದೆ.

"ಅದೇ ಈ ಕಾಯಿಲೆ ಗುರುತು ಕಣ್ರೀ. ಕಾಲು ಆಡಿಸಬೇಕು ಅಂತ ಮನಸಿಟ್ರೆ ಮೆದುಳಿನ ಮಾತು ಕಾಲಿಗೆ ಹೋಗಲ್ಲ, ಗಮನ ಬೇರೆ ಕಡೆ ಇದ್ದಾಗ ಹೋಗ್ತೈತೆ. ಬೇಕಂತ ಮಾಡೋದಲ್ಲ. ಅಭ್ಯಾಸ ಮಾಡಿಸಾಣ, ವಾಸಿಯಾಗಬಹುದು."

ಅಕ್ಕ ಅತ್ತಳು. ನನ್ನ ಕಡೆ ತಿರುಗಿ, "ಕೇಳಿಸ್ತೇನೋ?" ಎಂದಳು.

ಕೇಳಿಸಿತ್ತು. ಆರು ತಿಂಗಳ ವ್ಯಾಯಾಮದಲ್ಲಿ ಅವಳು ನಡೆದಳು ಕೂಡ. ಆದರೆ ನೆಂಟರಿಗೆ ನಾನು ತಿದ್ದಿ ಹೇಳಲಿಲ್ಲ. ಮದುವೆಮನೆಗಳಿಗೆ ಹೋಗುವುದನ್ನು ಅವಳು ಬಿಟ್ಟಳು. ಯಾಕೆಂದು ನಾನು ಕೇಳಲೂ ಇಲ್ಲ, ಗೊತ್ತಿತ್ತು.

ಈಗ ತಾನೇ ಮಾವನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ.

"ಈಗ್ಯಾಕಪ್ಪ ಅದೆಲ್ಲ? ಅವಳೇ ಇಲ್ಲ."

"ತಪ್ಪು ಹೇಳಿದೋನು ಇದೀನಲ್ಲ ಮಾವ. ನೀವು ಯಾರ್ಯಾರಿಗೆ ಹೇಳಿದ್ರಿ, ಹೆಸರು ಹೇಳ್ರಿ."

ಮಾವ ಒಂದೊಂದಾಗಿ ಹೆಸರು ಹೇಳತೊಡಗಿದರು. ನಾನು ಬರೆದುಕೊಂಡೆ.